ಅಲುಗಾಡುವ ಹಲ್ಲು ಮತ್ತು ಪೌಲ್ ಲ್ಯಾಂಗರ್‌ಹಾನ್ಸ್

ಮಕ್ಕಳ ಹಾಲುಹಲ್ಲು ಬಿದ್ದರೆ ಸಗಣಿ ಉಂಡೆಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವುದು ನಮ್ಮ ಕಡೆಯ ರೂಢಿ. ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಾಗಲಿ, ಮೈಸೂರಿನಲ್ಲಾಗಲಿ, 6 ವರ್ಷದ ಮಗುವಿನ ಮುಂದಿನ ಹಲ್ಲು ಅಲುಗಾಡಿದರೆ ಯಾರೂ ಹೆದರುವುದಿಲ್ಲ, ಹೆದರಬೇಕಾಗಿಯೂ ಇಲ್ಲ. ಆದರೆ 2 ವರ್ಷದ ಮಗುವಿನ ದವಡೆಹಲ್ಲು ಅಲುಗಾಡಿದರೆ? ಬಹಳ ಅಪರೂಪಕ್ಕೆ ಅದರ ಹಿಂದೆ ‘ಲ್ಯಾಂಗರ್‌ಹಾನ್ಸ್ ಕೋಶ ಹಿಸ್ಟಿಯೋಸೈಟೋಸಿಸ್’ ಎಂಬ ಕಾಯಿಲೆ ಇರಬಹುದು. ಈ ಉದ್ದ ಹೆಸರಿನಲ್ಲಿರುವ ಲ್ಯಾಂಗರ್‌ಹಾನ್ಸ್ ಯಾರು, ನೋಡೋಣ.

ಪೌಲ್ ಲ್ಯಾಂಗರ್‌ಹಾನ್ಸ್ ಹುಟ್ಟಿದ್ದು 1847ರ ಜುಲೈ 25ರಂದು, ಬರ್ಲಿನ್‌ನಲ್ಲಿ. ತಂದೆ ವೈದ್ಯರು. ತಾಯಿ ಕ್ಷಯದಿಂದ ತೀರಿಕೊಂಡಾಗ ಪೌಲ್ ಇನ್ನೂ ಚಿಕ್ಕ ಹುಡುಗ. 1868ರಲ್ಲಿ, ವಿದ್ಯಾರ್ಥಿಯಾಗಿದ್ದಾಗಲೇ, ಚರ್ಮದ ತೆಳುಪದರಕ್ಕೆ ಚಿನ್ನದ ಲವಣದಿಂದ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮರದ ಕೊಂಬೆಗಳಂತೆ ಕವಲೊಡೆದ ಕೋಶಗಳು ಕಂಡವು. ಅವು ನರಕೋಶಗಳೆಂದು ಭಾವಿಸಿದರು. ಅದು ತಪ್ಪಾಗಿತ್ತು, ಅವು ರೋಗನಿರೋಧಕ ವ್ಯವಸ್ಥೆಯ ಕಾವಲು ಕೋಶಗಳೆಂದು ತಿಳಿಯಲು ನೂರು ವರ್ಷವೇ ಬೇಕಾಯಿತು. ಮರುವರ್ಷ ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳಂತಿರುವ ಕೋಶಗುಂಪುಗಳನ್ನು ವರ್ಣಿಸಿದರು. ಇನ್ಸುಲಿನ್ ಬರುವುದು ಅಲ್ಲಿಂದಲೇ. ಆದರೆ ಅದು ಅವರ ಜೀವಿತಕಾಲದಲ್ಲಿ ಗೊತ್ತಾಗಲಿಲ್ಲ.

1874ರಲ್ಲಿ, ಫ್ರೈಬರ್ಗ್ ವಿಶ್ವವಿದ್ಯಾಲಯದಲ್ಲಿದ್ದಾಗ, ತಾಯಿಯನ್ನು ಕೊಂದ ಕ್ಷಯವೇ ಮಗನನ್ನೂ ಹಿಡಿಯಿತು. ಅಧ್ಯಾಪಕ ಹುದ್ದೆ ಬಿಟ್ಟು ಹವೆ ಬದಲಾವಣೆಗೆಂದು ಮಡೈರಾ ದ್ವೀಪ ಸೇರಿದರು. ಅಲ್ಲಿ ರೋಗಿಗಳನ್ನು ನೋಡುತ್ತ, ಸಮುದ್ರದ ಹುಳುಗಳನ್ನು ಅಧ್ಯಯನ ಮಾಡುತ್ತ ಬದುಕಿದರು. 1885ರಲ್ಲಿ ಮದುವೆಯಾದರು. 1888ರ ಜುಲೈ 20ರಂದು, 41 ತುಂಬಲು ಐದೇ ದಿನವಿರುವಾಗ, ಮೂತ್ರಪಿಂಡ ವೈಫಲ್ಯದಿಂದ ತೀರಿಕೊಂಡರು.

ಅವರ ಹೆಸರಿನ ಈ ಕಾಯಿಲೆಯನ್ನು ಅವರು ಕಂಡುಹಿಡಿಯಲಿಲ್ಲ. ರೋಗದ ಕೋಶಗಳು ಅವರು ನೋಡಿದ ಚರ್ಮದ ಕೋಶಗಳನ್ನು ಹೋಲುತ್ತವೆಂದು 1987ರಲ್ಲಿ ತಜ್ಞರು ಈ ಹೆಸರನ್ನು ಒಪ್ಪಿದರು. ಈ ಕೋಶಗಳು ಚರ್ಮದಿಂದಲ್ಲ, ಮೂಳೆಮಜ್ಜೆಯ ಮೂಲಕೋಶಗಳಿಂದ ಹುಟ್ಟುತ್ತವೆಂದು ಈಗ ತಿಳಿದಿದೆ. ಹೆಸರು ಮಾತ್ರ ಉಳಿದಿದೆ.

ಈ ಕೋಶಗಳು ದವಡೆಯಲ್ಲಿ ಗುಂಪುಗೂಡಿದರೆ ಮೂಳೆ ಕರಗುತ್ತದೆ. ಹಲ್ಲು ಸಡಿಲವಾಗುತ್ತದೆ, ಒಸಡು ಊದಿ ಹುಣ್ಣಾಗಿ ರಕ್ತ ಬರುತ್ತದೆ. ಎಕ್ಸ್‌-ರೇಯಲ್ಲಿ ಹಲ್ಲುಗಳು ಆಧಾರವಿಲ್ಲದೆ ತೇಲುತ್ತಿರುವಂತೆ ಕಾಣುತ್ತವೆ. ಜೊತೆಗೆ ತಲೆಯಲ್ಲಿ ಹೊಟ್ಟಿನಂಥ ಗುಳ್ಳೆ, ಗುಣವಾಗದ ಕಿವಿಸೋರಿಕೆ ಇರಬಹುದು. ವಿಪರೀತ ಬಾಯಾರಿಕೆ, ಪದೇಪದೇ ಮೂತ್ರವೂ ಇರಬಹುದು. ಇದು ಸಕ್ಕರೆ ಕಾಯಿಲೆಯಲ್ಲ, ಮಿದುಳಿನ ಪಿಟ್ಯುಟರಿ ಗ್ರಂಥಿಯ ತೊಂದರೆ.

ಒಸಡಿನ ಸೋಂಕು ಎಂದುಕೊಂಡು ಹಲ್ಲು ಕೀಳಿಸಿ ಸುಮ್ಮನಾದರೆ ಗಾಯ ಮಾಯುವುದಿಲ್ಲ, ಕಾಯಿಲೆ ಒಳಗೇ ಬೆಳೆಯುತ್ತದೆ. ಖಚಿತಪಡಿಸಲು ಬಯಾಪ್ಸಿಯೇ ಬೇಕು: ಚೂರು ಅಂಗಾಂಶ ತೆಗೆದು, ಸಿಡಿ1ಎ ಮತ್ತು ಲ್ಯಾಂಗರಿನ್ ಎಂಬ ಗುರುತುಗಳನ್ನು ಹುಡುಕುತ್ತಾರೆ. ಚೂರು ತೆಗೆದರೆ ಕಾಯಿಲೆ ಹರಡುತ್ತದೆಂಬ ಭಯ ನಮ್ಮಲ್ಲಿ ಬಹಳ. ಈ ಕಾಯಿಲೆಯ ಮಟ್ಟಿಗೆ ಅದು ನಿಜವಲ್ಲ. ಒಂದೇ ಮೂಳೆಯಲ್ಲಿದ್ದರೆ ಕೆರೆದು ತೆಗೆದೇ ಹೆಚ್ಚಿನವರು ಗುಣವಾಗುತ್ತಾರೆ. ಹರಡಿದ್ದರೆ ವಿನ್‌ಬ್ಲಾಸ್ಟಿನ್ ಮತ್ತು ಸ್ಟೀರಾಯ್ಡ್ ಚಿಕಿತ್ಸೆಯಿದೆ.

ಪೆಟ್ಟು ಬೀಳದೆ, ಹುಳುಕಿಲ್ಲದೆ, ವಯಸ್ಸಿಗೆ ಮೊದಲೇ ಹಲ್ಲು ಅಲುಗಾಡಿದರೆ ಹೆಂಚಿನ ಮೇಲೆ ಎಸೆಯುವ ಮುನ್ನ ದಂತವೈದ್ಯರಿಗೆ ತೋರಿಸೋಣ.