ಐವರಿಂದ ಮತ್ತೆ ಆರಂಭಿಸಿದ ಗುರು

ಪಾಸ್ಖದ ಎರಡನೆಯ ರಾತ್ರಿಯಿಂದ ಪಂಚಾಶತ್ತಮ ಹಬ್ಬದವರೆಗಿನ 49 ದಿನಗಳನ್ನು ಯೆಹೂದ್ಯರು ಒಂದೊಂದಾಗಿ ಎಣಿಸುತ್ತಾರೆ. ಇದೇ ಓಮರ್ ಎಣಿಕೆ. ತಾಲ್ಮುದಿನಲ್ಲಿ 49ನೆಯ ಹಾಳೆಗೆ ಮುಗಿಯುವ ಸೋಟಾ ಭಾಗವನ್ನು ಈ ಅವಧಿಯಲ್ಲಿ ದಿನಕ್ಕೊಂದು ಹಾಳೆಯಂತೆ ಅಭ್ಯಸಿಸುವವರುಂಟು. ಈ ದಿನಗಳೊಡನೆ ಬೆಸೆದುಕೊಂಡಿರುವ ಹೆಸರು ರಬ್ಬಿ ಅಕಿವಾ ಅವರದು.

ಅಕಿವಾ ಕುರಿಗಾಹಿಯಾಗಿದ್ದರು, ನಲವತ್ತರವರೆಗೂ ನಿರಕ್ಷರಿ. ತೊಟ್ಟಿಕ್ಕುವ ನೀರು ಕಲ್ಲನ್ನು ಕೊರೆದಿರುವುದನ್ನು ಕಂಡು ಮನಸ್ಸು ಕರಗಿ, ಪುಟ್ಟ ಮಗನ ಪಕ್ಕದಲ್ಲೇ ಕುಳಿತು ಅಕ್ಷರ ಕಲಿತರೆಂದು ಸಂಪ್ರದಾಯ ಹೇಳುತ್ತದೆ. ಸಿರಿವಂತ ತವರನ್ನು ತೊರೆದು ಬಂದ ಪತ್ನಿಯೇ ಅವರಿಗೆ ಆಸರೆ.

ಮುಂದೆ ಅವರ 24,000 ಶಿಷ್ಯರು ಈ ಎರಡು ಹಬ್ಬಗಳ ನಡುವೆಯೇ ಮಡಿದರೆಂದು ತಾಲ್ಮುದ್ ತಿಳಿಸುತ್ತದೆ. ಅವರಿಗೆ ಪಾಂಡಿತ್ಯವಿತ್ತು, ಪರಸ್ಪರ ಗೌರವವಿರಲಿಲ್ಲ ಎಂಬುದೇ ಅದು ಕೊಡುವ ಕಾರಣ. ವೃದ್ಧ ಗುರು ಎದೆಗುಂದದೆ ದಕ್ಷಿಣಕ್ಕೆ ತೆರಳಿ, ಐವರಿಗೆ ಮತ್ತೆ ಮೊದಲಿನಿಂದ ಬೋಧಿಸಿದರು. ಧರ್ಮಶಾಸ್ತ್ರದ ಅಧ್ಯಯನ ಆ ಐವರಿಂದ ಉಳಿಯಿತು. ಬೋಧನೆಯನ್ನು ನಿಷೇಧಿಸಿದ್ದ ರೋಮನರು ಕ್ರಿ.ಶ. 135ರ ಸುಮಾರಿಗೆ ಅಕಿವಾರನ್ನು ಚಿತ್ರಹಿಂಸೆಯಿಂದ ಕೊಂದರು.

ದಿನವೂ ಪವಿತ್ರಗ್ರಂಥವನ್ನು ಓದುವ ನಾವು, ಜೊತೆಯಲ್ಲಿ ಕುಳಿತು ಓದುವವರನ್ನು ಗೌರವಿಸುತ್ತಿದ್ದೇವೆಯೇ? ಅಕಿವಾ ಅವರ ಬಾಳು ನಮ್ಮ ಮುಂದಿಡುವ ಪ್ರಶ್ನೆ ಇದು.