ದುರ್ಬಲ ಬಾಲಕ ವ್ಯಾಯಾಮ ಗುರುವಾದ ಬಗೆ: ಜೋಸೆಫ್ ಪಿಲಾಟೀಸ್

ದೇಹವು ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್ತು. ಅದಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆದರೆ ಪರೀಕ್ಷೆ, ಅಂಕಪಟ್ಟಿ, ಉದ್ಯೋಗಗಳ ಓಟದಲ್ಲಿ ನಾವು ಮೊದಲು ಮರೆಯುವುದು ಈ ಹಕ್ಕನ್ನೇ. ಈ ದೃಷ್ಟಿಯಿಂದ ಜೋಸೆಫ್ ಪಿಲಾಟೀಸ್ ಅವರ ಬದುಕು ವಿದ್ಯಾರ್ಥಿಗಳೂ ಶಿಕ್ಷಕರೂ ತಿಳಿಯಬೇಕಾದದ್ದು. ಇಂದು ಬೆಂಗಳೂರಿನಲ್ಲೂ ಪಿಲಾಟೀಸ್ ಕಲಿಸುವ ಸ್ಟುಡಿಯೋಗಳಿವೆ. ಅದು ಒಬ್ಬ ಮನುಷ್ಯನ ಹೆಸರೆಂಬುದು ಮಾತ್ರ ಅನೇಕರಿಗೆ ತಿಳಿದಿಲ್ಲ.

ಜೋಸೆಫ್ 1883ರ ಡಿಸೆಂಬರ್ 9ರಂದು ಜರ್ಮನಿಯ ಮೊನ್ಶೆನ್‌ಗ್ಲಾಡ್‌ಬಾಕ್ ಎಂಬ ಪಟ್ಟಣದಲ್ಲಿ ಜನಿಸಿದರು. ತಂದೆ ಲೋಹದ ಕೆಲಸಗಾರರು, ಜಿಮ್ನಾಸ್ಟಿಕ್ಸ್‌ನಲ್ಲಿ ಆಸಕ್ತಿಯುಳ್ಳವರು. ಮಗನಾದರೋ ಅಸ್ತಮಾದಿಂದ ನರಳುತ್ತಿದ್ದ ದುರ್ಬಲ ಬಾಲಕ. ಕಾಯಿಲೆಯನ್ನೇ ನೆಪ ಮಾಡಿಕೊಂಡು ಕುಳಿತುಕೊಳ್ಳದೆ ದೇಹ ಹೇಗೆ ಕೆಲಸ ಮಾಡುತ್ತದೆಂದು ಅರಿಯಲು ಆತ ಹೊರಟ. ನಾನಾ ಬಗೆಯ ವ್ಯಾಯಾಮಗಳನ್ನು ಮೊದಲು ತನ್ನ ಮೇಲೆಯೇ ಪ್ರಯೋಗಿಸಿದ. ಯೌವನಕ್ಕೆ ಬರುವಷ್ಟರಲ್ಲಿ ಆ ದೇಹ ಗಟ್ಟಿಮುಟ್ಟಾಗಿತ್ತು.

ಮೊದಲ ಮಹಾಯುದ್ಧ ಆರಂಭವಾದಾಗ ಅವರು ಇಂಗ್ಲೆಂಡಿನಲ್ಲಿದ್ದರು. ಶತ್ರು ದೇಶದ ಪ್ರಜೆ ಎಂಬ ಕಾರಣಕ್ಕೆ ಬಂಧನಕ್ಕೊಳಗಾಗಿ, ಐಲ್ ಆಫ್ ಮ್ಯಾನ್ ದ್ವೀಪದ ನಾಕಲೋ ಶಿಬಿರದಲ್ಲಿ ವರ್ಷಗಳನ್ನು ಕಳೆದರು. 20 ಸಾವಿರಕ್ಕೂ ಹೆಚ್ಚು ಬಂಧಿಗಳಿದ್ದ ಶಿಬಿರವದು. ಮಾಡಲು ಕೆಲಸವಿಲ್ಲದೆ ಅನೇಕರು ಮನಸ್ಸಿನಲ್ಲೇ ಕುಗ್ಗಿಹೋಗುತ್ತಿದ್ದ ಅಂತಹ ಕಡೆ ಅವರು ಸಹಬಂಧಿಗಳಿಗೆ ವ್ಯಾಯಾಮ ಕಲಿಸಿದರು. ಹಾಸಿಗೆ ಹಿಡಿದವರಿಗಾಗಿ ಮಂಚಗಳಿಗೆ ಸ್ಪ್ರಿಂಗ್ ಕಟ್ಟಿ, ಮಲಗಿದಲ್ಲೇ ಕೈಕಾಲು ಆಡಿಸುವಂತೆ ಮಾಡಿದರೆಂದು ಶಿಷ್ಯಪರಂಪರೆಯಲ್ಲಿ ಹೇಳಲಾಗುತ್ತದೆ. ಮುಂದೆ ಅವರು ರೂಪಿಸಿದ ಉಪಕರಣಗಳಲ್ಲಿ ಮುಖ್ಯವಾದ ರಿಫಾರ್ಮರ್ ಕೂಡ ಸ್ಪ್ರಿಂಗ್‌ಗಳ ಎಳೆತದಿಂದಲೇ ಕೆಲಸ ಮಾಡುತ್ತದೆ.

ಯುದ್ಧಾನಂತರ ಜರ್ಮನಿಗೆ ಮರಳಿದ ಅವರು 1926ರಲ್ಲಿ ಅಮೆರಿಕಕ್ಕೆ ತೆರಳಿದರು. ನ್ಯೂಯಾರ್ಕಿನ ಎಂಟನೇ ಅವೆನ್ಯೂದ 939ನೇ ನಂಬರಿನ ಕಟ್ಟಡದಲ್ಲಿ ಕ್ಲಾರಾ ಅವರ ಜೊತೆಗೂಡಿ ಸ್ಟುಡಿಯೋ ತೆರೆದರು. ಸುತ್ತಮುತ್ತ ನೃತ್ಯಶಾಲೆಗಳಿದ್ದವು. ಮೊಣಕಾಲು, ಬೆನ್ನಿಗೆ ಪೆಟ್ಟಾದ ನರ್ತಕರು ಅಲ್ಲಿಗೆ ಬರತೊಡಗಿದರು. ಜಾರ್ಜ್ ಬಾಲಂಚೀನ್, ಮಾರ್ಥಾ ಗ್ರಹಾಮ್‌ರಂತಹ ನೃತ್ಯ ನಿರ್ದೇಶಕರೂ ತಮ್ಮ ಕಲಾವಿದರನ್ನು ಕಳುಹಿಸಿದರು. ಗುಣವಾದವರು ಇನ್ನೊಬ್ಬರಿಗೆ ಹೇಳಿದರು. ಸ್ಟುಡಿಯೋ ದಶಕಗಳ ಕಾಲ ನಡೆದದ್ದು ಈ ನಂಬಿಕೆಯ ಬಲದಿಂದ.

ಅವರ ಬೋಧನಾಕ್ರಮ ಗಮನಾರ್ಹ. ಒಂದು ಚಲನೆಯನ್ನು ನೂರು ಸಲ ಅಡ್ಡಾದಿಡ್ಡಿಯಾಗಿ ಮಾಡುವುದಕ್ಕಿಂತ ಕೆಲವೇ ಸಲ ಸರಿಯಾಗಿ ಮಾಡಬೇಕೆಂಬುದು ಅವರ ನಿಲುವು. ಉಸಿರಾಟ, ಏಕಾಗ್ರತೆ, ಹೊಟ್ಟೆ ಮತ್ತು ನಡುವಿನ ಸ್ನಾಯುಗಳ ಬಲ ಇವು ಅದರ ತಳಹದಿ. ತಮ್ಮ ವಿಧಾನವನ್ನು ಅವರು ಕಂಟ್ರಾಲಜಿ, ಅಂದರೆ ದೇಹವನ್ನು ಮನಸ್ಸಿನ ಹತೋಟಿಯಲ್ಲಿಡುವ ವಿದ್ಯೆ ಎಂದು ಕರೆದರು. ಕಲಿಯುವವರು ತಮ್ಮ ಪಾಠವನ್ನು ನೆನಪಿಟ್ಟು ತಾವೇ ಮಾಡಬೇಕಿತ್ತು. ಗುರು ಅವರ ನಡುವೆ ಓಡಾಡುತ್ತಾ ತಿದ್ದುತ್ತಿದ್ದರು. ಎಲ್ಲರಿಗೂ ಒಂದೇ ಪಾಠವಿರಲಿಲ್ಲ. ಯಾರ ದೇಹಕ್ಕೆ ಏನು ಬೇಕೋ ಅದನ್ನು ಕೊಡುತ್ತಿದ್ದರು. ಜೋಸೆಫ್ ಮಾತಿನಲ್ಲಿ ಒರಟು. ಕ್ಲಾರಾ ತಾಳ್ಮೆಯ ಶಿಕ್ಷಕಿ. ನೋವಿನಲ್ಲಿದ್ದವರು ಹೆಚ್ಚಾಗಿ ಆಕೆಯನ್ನೇ ಆಶ್ರಯಿಸುತ್ತಿದ್ದರು.

1945ರಲ್ಲಿ ಪ್ರಕಟವಾದ ಅವರ ಎರಡನೇ ಪುಸ್ತಕದಲ್ಲಿ ಚಾಪೆಯ ಮೇಲೆ ಮಾಡಬಹುದಾದ 34 ವ್ಯಾಯಾಮಗಳಿವೆ. ಹಣವಿಲ್ಲದವರೂ ಉಪಕರಣದ ಹಂಗಿಲ್ಲದೆ ಇವುಗಳನ್ನು ಮನೆಯಲ್ಲೇ ಮಾಡಬಹುದು. ತಮ್ಮ ವಿಧಾನವನ್ನು ಶಾಲೆಗಳೂ ವೈದ್ಯಲೋಕವೂ ಅಂಗೀಕರಿಸಬೇಕೆಂಬುದು ಅವರ ಬಹುದೊಡ್ಡ ಆಸೆಯಾಗಿತ್ತು. ಬದುಕಿದ್ದಾಗ ಅದು ಕೈಗೂಡಲಿಲ್ಲ. ಉಸಿರಾಟವನ್ನು ಕಲಿಸಿದ ಈ ಗುರುವಿಗೆ ಚುಟ್ಟಾ ಸೇದುವ ಚಟವಿತ್ತೆಂಬುದೂ, ಶ್ವಾಸಕೋಶದ ಕಾಯಿಲೆಯಿಂದಲೇ 1967ರ ಅಕ್ಟೋಬರ್ 9ರಂದು ತಮ್ಮ 83ನೇ ವಯಸ್ಸಿನಲ್ಲಿ ನಿಧನರಾದರೆಂಬುದೂ ನೆನಪಿಡಬೇಕಾದ ಸತ್ಯ. ತಿಳಿದಿರುವುದು ಬೇರೆ, ಪಾಲಿಸುವುದು ಬೇರೆ.

ಅವರು ತಮ್ಮ ಹಿಂದೆ ವಿದ್ಯಾಸಂಸ್ಥೆಯನ್ನಾಗಲಿ, ವ್ಯವಸ್ಥಿತವಾದ ಶಿಕ್ಷಕ ತರಬೇತಿಯನ್ನಾಗಲಿ ಬಿಟ್ಟುಹೋಗಲಿಲ್ಲ. ಆ ವಿದ್ಯೆ ಅವರೊಂದಿಗೇ ಮಣ್ಣಾಗಬಹುದಿತ್ತು. ಅದನ್ನು ಉಳಿಸಿದವರು ಶಿಷ್ಯರು. ಕ್ಲಾರಾ ಇನ್ನೂ ಕೆಲವು ವರ್ಷ ಕಲಿಸಿದರು. ಬಳಿಕ ರೊಮಾನಾ ಕ್ರಿಜನೋವ್ಸ್ಕಾ ನ್ಯೂಯಾರ್ಕಿನ ಸ್ಟುಡಿಯೋದ ಹೊಣೆ ಹೊತ್ತರು. ಕರೋಲಾ ಟ್ರಿಯರ್, ಈವ್ ಜೆಂಟ್ರಿ, ಕ್ಯಾಥಿ ಗ್ರಾಂಟ್, ರಾನ್ ಫ್ಲೆಚರ್ ಮೊದಲಾದವರು ಬೇರೆ ಬೇರೆ ಕಡೆಗಳಲ್ಲಿ ಕಲಿಸಿದರು. ಗುರು ಒಬ್ಬೊಬ್ಬರಿಗೆ ಒಂದೊಂದು ರೀತಿ ಕಲಿಸಿದ್ದರಿಂದ ಯಾರದು ಅಸಲಿ ಎಂಬ ತಕರಾರೂ ಹುಟ್ಟಿತು. ಪಿಲಾಟೀಸ್ ಎಂಬ ಹೆಸರಿನ ಮೇಲಿನ ವ್ಯಾಪಾರ ಹಕ್ಕಿನ ವ್ಯಾಜ್ಯ ನ್ಯಾಯಾಲಯದ ಮೆಟ್ಟಿಲೇರಿತು. ಅದು ಒಂದು ವ್ಯಾಯಾಮ ಪದ್ಧತಿಯ ಸಾಮಾನ್ಯ ಹೆಸರು, ಯಾರೊಬ್ಬರ ಸ್ವತ್ತೂ ಅಲ್ಲವೆಂದು 2000ದ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ಅಂದಿನಿಂದ ಸ್ಟುಡಿಯೋಗಳ ಸಂಖ್ಯೆ ಬೆಳೆಯಿತು. ಅದರೊಂದಿಗೆ ಅರೆಬರೆ ಕಲಿತವರು ಫಲಕ ಹಾಕಿಕೊಳ್ಳುವ ಅಪಾಯವೂ ಬೆಳೆಯಿತು. ತಪ್ಪಾಗಿ ಮಾಡಿಸಿದ ವ್ಯಾಯಾಮ ಬೆನ್ನುನೋವನ್ನು ಹೆಚ್ಚಿಸಲೂಬಹುದು. ಆದ್ದರಿಂದ ಇಲ್ಲಿ ಒಳ್ಳೆಯ ವ್ಯಾಪಾರಕ್ಕೆ ಒಳ್ಳೆಯ ಬೋಧನೆಯೇ ಬಂಡವಾಳ.

ಈ ಬದುಕಿನಿಂದ ನಾವು ಕಲಿಯಬೇಕಾದದ್ದು ಹಲವು. ದೌರ್ಬಲ್ಯವೇ ಸಾಧನೆಯ ಮೊದಲ ಮೆಟ್ಟಿಲಾಗಬಹುದು. ಬಂಧನದ ದಿನಗಳೂ ಪರರ ಸೇವೆಯಲ್ಲಿ ಸಾರ್ಥಕವಾಗಬಹುದು. ಶಿಕ್ಷಕನಾದವನು ತರಗತಿಯನ್ನು ಗುಂಪಾಗಿ ನೋಡದೆ ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಾನು ಗಳಿಸಿದ ಇಲ್ಮನ್ನು ಮುಂದಿನವರಿಗೆ ಕ್ರಮವಾಗಿ ಒಪ್ಪಿಸಿ ಹೋಗಬೇಕು. ಪಿಲಾಟೀಸರ ವಿದ್ಯೆಯನ್ನು ಕೆಲವೇ ನಿಷ್ಠಾವಂತ ಶಿಷ್ಯರು ಉಳಿಸಿದರು. ಆದರೆ ಅಂತಹ ಅದೃಷ್ಟ ಎಲ್ಲ ಗುರುಗಳಿಗೂ ಒದಗುವುದಿಲ್ಲ. ನಮ್ಮ ನಡುವಿನ ಹಿರಿಯ ಶಿಕ್ಷಕರ, ಕುಶಲಕರ್ಮಿಗಳ ಅರಿವನ್ನು ಅವರಿರುವಾಗಲೇ ಕಲಿತುಕೊಳ್ಳುವ ಹೊಣೆ ಇಂದಿನ ವಿದ್ಯಾರ್ಥಿಗಳ ಮೇಲಿದೆ.