ಥೋರೋ ಮತ್ತು ಅಣ್ಣನ ದೋಣಿ

ಥೋರೋ ಎಂದೊಡನೆ ನನ್ನ ವಿದ್ಯಾರ್ಥಿಗಳು ವಾಲ್ಡನ್ ಕೊಳವನ್ನು ನೆನೆಯುತ್ತಾರೆ. ನನಗೆ ನೆನಪಾಗುವುದು ಒಂದು ದೋಣಿ. ತಾವೇ ಕಟ್ಟಿದ ಆ ದೋಣಿಯಲ್ಲಿ 1839ರಲ್ಲಿ ಹೆನ್ರಿಯೂ ಅವನ ಅಣ್ಣ ಜಾನನೂ ಅಮೆರಿಕದ ಕಾಂಕರ್ಡ್, ಮೆರಿಮ್ಯಾಕ್ ನದಿಗಳಲ್ಲಿ ಪಯಣಿಸಿದರು. 1842ರಲ್ಲಿ ಕ್ಷೌರದ ಕತ್ತಿಯ ಸಣ್ಣ ಗಾಯ ಧನುರ್ವಾಯುವಿಗೆ ತಿರುಗಿ ಜಾನ್ ತಮ್ಮನ ತೋಳಿನಲ್ಲೇ ತೀರಿಕೊಂಡ. ವಾಲ್ಡನ್ನಿನ ಗುಡಿಸಿಲಲ್ಲಿ ಹೆನ್ರಿ ಮೊದಲು ಬರೆದದ್ದು ಆ ಪಯಣದ ಗ್ರಂಥವನ್ನೇ. ಅದು ಸಡಿಲವಾದ ಕೃತಿಯೆಂಬುದನ್ನು ನಾನೂ ಒಪ್ಪುತ್ತೇನೆ. 1849ರಲ್ಲಿ ಅಚ್ಚಾದ 1000 ಪ್ರತಿಗಳಲ್ಲಿ 706 ಮಾರಾಟವಾಗದೆ 1853ರಲ್ಲಿ ಮನೆಗೆ ಮರಳಿದವು. ಅವನೇ ಹೊತ್ತು ಮಹಡಿಗೇರಿಸಿದ.

ಅಣ್ಣನಂತೂ ಅದನ್ನು ಓದಲಿಲ್ಲ. 1862ರ ಮೇ 6ರ ಬೆಳಗ್ಗೆ, ಕ್ಷಯದಿಂದ ಕೊನೆಯುಸಿರೆಳೆಯುತ್ತಿದ್ದ 44ರ ಹೆನ್ರಿಗೆ ತಂಗಿ ಸೋಫಿಯಾ ಆ ಪುಸ್ತಕವನ್ನು ಓದಿ ಹೇಳುತ್ತಿದ್ದಳು. ಸೋದರರು ಊರಿಗೆ ಹಿಂದಿರುಗುವ ಭಾಗವದು. ದೋಣಿ ನಾಷುವಾ ನದಿಯ ಮುಖವನ್ನು ದಾಟಿದಾಗ, ಇನ್ನು ಮುಂದೆ ಪಯಣ ಸುಗಮವೆಂದು ಅವನು ಮೆಲ್ಲನೆ ನುಡಿದನಂತೆ.